ಐದು ನಮೂನೆಯ ಸಿಟ್ಟು, ಒಂದು ಫ್ಯಾನು

ಮಾರ್ಚ್ 4

ಮಾವನಿಗೆ ಪಿಟೀಲಿನ ನಮಸ್ಕಾರಗಳು.

ತೊಟ್ಟಿಲಲ್ಲಿ ನಾನು ಅಳುತ್ತಿದ್ದ ಶ್ರುತಿ ಕೇಳಿ ನೀವೇ ಇಟ್ಟ ಹೆಸರು. ಈಗ ಆ ಪಿಟೀಲಿನ ತಂತಿ ಕಿತ್ತುಹೋಗುವ ಹಂತಕ್ಕೆ ಬಂದಿದೆ, ಅದಕ್ಕೇ ಈ ಪತ್ರ. ಫೋನು ಮಾಡಬಹುದಿತ್ತು. ಮಾಡಿದರೆ ನೀವು ಒಂದೊಂದು ಪದಕ್ಕೂ ಸ್ಪೆಲಿಂಗ್ ಕೇಳುತ್ತೀರಿ, ಅಷ್ಟರಲ್ಲಿ ನನ್ನ ಊಟದ ಹೊತ್ತು ಮುಗಿದಿರುತ್ತದೆ.

ಫ್ಯಾನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು ಅಂತ ಅಮ್ಮ ಹೇಳಿರಬೇಕು. ಏನು ಕೆಲಸ ಅಂತ ಹೇಳಿರಲಾರಳು, ಅವಳಿಗೂ ಗೊತ್ತಿಲ್ಲ. ಮಾವ, ನಾನಿಲ್ಲಿ ಬೇರೆಯವರ ಸಿಟ್ಟು ಅಳೆಯುತ್ತೇನೆ. ದೂರು ವಿಭಾಗ. ಜನ ಫ್ಯಾನು ಕೊಳ್ಳುವಾಗ ಕನ್ನಡದಲ್ಲೇ ಮಾತಾಡುತ್ತಾರೆ, ಚೌಕಾಸಿಯೂ ಕನ್ನಡದಲ್ಲೇ. ಫ್ಯಾನು ಕೆಟ್ಟ ದಿನ ಮಾತ್ರ ಏಣಿ ಹಾಕಿಕೊಂಡು ಇಂಗ್ಲಿಷಿಗೆ ಹತ್ತುತ್ತಾರೆ. ದಿನಕ್ಕೆ ನಲವತ್ತು ಪತ್ರ ಬಂದರೆ ನಲವತ್ತರಲ್ಲೂ ಸಿಟ್ಟು, ಒಂದೊಂದರಲ್ಲಿ ಒಂದೊಂದು ಹೆಸರಿನದು.

ನಮ್ಮ ಮ್ಯಾನೇಜರ್ ಸಾಹೇಬರು ಎಲ್ಲೋ ಒಂದು ತರಬೇತಿಗೆ ಹೋಗಿ ಬಂದು ನನ್ನ ಮೇಜಿನ ಮೇಲೆ ಮೂರು ಟ್ರೇ ಇಟ್ಟಿದ್ದಾರೆ. ಸಣ್ಣ ಸಿಟ್ಟು ಬಿಳಿ ಟ್ರೇಗೆ, ಅವರಿಗೆ ಅಚ್ಚು ಹಾಕಿದ ಕ್ಷಮಾಪಣೆ ಕಾರ್ಡು. ನಡುವಿನ ಸಿಟ್ಟು ಹಳದಿಗೆ, ಅವರ ಮನೆಗೆ ಒಂದು ವಾರದೊಳಗೆ ಮೆಕ್ಯಾನಿಕ್ಕು. ಮಹಾ ಸಿಟ್ಟು ಕೆಂಪಿಗೆ, ಅವರಲ್ಲಿಗೆ ಸಾಹೇಬರೇ ಹೊಸ ಫ್ಯಾನನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿ ಕೈಮುಗಿಯುತ್ತಾರೆ. ಯಾವುದು ಯಾವುದಕ್ಕೆ ಅಂತ ತೀರ್ಮಾನಿಸುವ ತಕ್ಕಡಿ ನಾನು.

ಏಪ್ರಿಲ್ ಕೊನೆಯೊಳಗೆ ಮೂರು ತಪ್ಪು ಮಾಡಿದರೆ ಮನೆಗೆ. ಒಂದು ಆಗಿದೆ. ಒಬ್ಬರು ‘ಐ ಆಮ್ ಇನ್ಸೆನ್ಸ್ಡ್’ ಅಂತ ಬರೆದಿದ್ದರು. ಊದುಬತ್ತಿಗೆ ಸಂಬಂಧಿಸಿದ ಒಳ್ಳೆಯ ಮಾತು ಇರಬೇಕು ಅಂದುಕೊಂಡು ಪತ್ರವನ್ನು ಮೆಚ್ಚುಗೆಯ ಫೈಲಿಗೆ ಹಾಕಿ, ‘ನಿಮ್ಮ ಪ್ರೀತಿ ಹೀಗೇ ಇರಲಿ’ ಅಂತ ಉತ್ತರ ಕಳಿಸಿದೆ. ಅವರು ತಿರುಗಿ ಬರೆದದ್ದು ಇಂಗ್ಲಿಷಿನಲ್ಲಿ ಇರಲಿಲ್ಲ.

ಮನೆಗೆ ಅಂದರೆ ಅಮ್ಮನ ಟೈಲರಿಂಗ್ ಅಂಗಡಿಗೆ. ಶರ್ಟಿನ ಗುಂಡಿಗೆ ಕಾಜಾ ಹೊಲಿಯುತ್ತ, ‘ನಾನು ಅವತ್ತೇ ಹೇಳಿದ್ದೆ’ ಅನ್ನುವುದನ್ನು ಗಂಟೆಗೊಮ್ಮೆ ಕೇಳುತ್ತ ಕೂರಬೇಕು. ನನಗೆ ಇಲ್ಲಿ ಒಂದು ಕೋಣೆ ಇದೆ ಮಾವ, ಕಿಟಕಿ ಇದೆ, ಬೀಗದ ಕೈ ನನ್ನ ಹತ್ತಿರವೇ ಇದೆ. ಅಮ್ಮ ಈಗಾಗಲೇ ನನ್ನ ಹಳೇ ಸ್ಟೂಲು ಒರೆಸಿ ಇಟ್ಟಿದ್ದಾಳಂತೆ.

ಸಿಟ್ಟುಗಳಿಗೆಲ್ಲ ಒಂದು ಅಳತೆಗೋಲು ಕಳಿಸಿಕೊಡಿ. ಅತ್ತೆಗೆ ನಮಸ್ಕಾರ.

ಪಿಟೀಲು


ಮಾರ್ಚ್ 9

ಚಿ. ಪಿಟೀಲಿಗೆ ಮಾವನ ಆಶೀರ್ವಾದಗಳು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಮೂವತ್ತೊಂದು ವರ್ಷ ಆಯಿತು. ಒಬ್ಬರು ತಾವಾಗಿ ಬಂದು ಪದದ ಅರ್ಥ ಕೇಳಿದ್ದು ಇದೇ ಮೊದಲು. ಪತ್ರ ಓದಿ ಐದು ನಿಮಿಷ ಮೌನವಾಗಿ ಕೂತೆ. ನಿನ್ನ ಅತ್ತೆ ಅಡುಗೆಮನೆಯಿಂದ ಬಂದು, “ಯಾರು ಹೋದ್ರು?” ಎಂದು ಕೇಳಿದಳು.

ಶುರು ಮಾಡೋಣ. ‘ಅನಾಯ್ಡ್’ ಎಂಬುದು ಸೊಳ್ಳೆ. ಇನ್ನೂ ಕಚ್ಚಿಲ್ಲ, ಕಿವಿಯ ಹತ್ತಿರ ಹಾಡಿದೆ, ಅಷ್ಟೆ. ನಮ್ಮ ಸಿಡಿಮಿಡಿ ಇದರ ತಂಗಿ. ಅದೇ ಸೊಳ್ಳೆ ಮತ್ತೆ ಬಂದರೆ ‘ಇರಿಟೇಟೆಡ್’. ನಮ್ಮ ಹೆಡ್ಮಾಸ್ಟರು ಮೀಟಿಂಗಿನಲ್ಲಿ ಪೆನ್ನಿನ ತುದಿ ಟಕ್ ಟಕ್ ಎನ್ನಿಸುವಾಗ ನನಗಾಗುವುದು. ಎರಡೂ ಬಿಳಿ ಟ್ರೇ. ‘ಎಕ್ಸಾಸ್ಪರೇಟೆಡ್’ ಬೇರೆ ಜಾತಿ. ಅದರ ಬೇರಿನಲ್ಲಿ ಒರಟು ಎಂಬ ಅರ್ಥವಿದೆ, ಉಜ್ಜಿ ಉಜ್ಜಿ ಒರಟಾದದ್ದು. ಒಂದೇ ಮಾತನ್ನು ನೂರು ಸಲ ಹೇಳಿ ಕೈಚೆಲ್ಲಿದವರ ಸಿಟ್ಟು. ಇದರಲ್ಲಿ ಕೂಗಾಟವಿಲ್ಲ, ನಿಟ್ಟುಸಿರಿದೆ. ಹಳದಿಗೆ ಹಾಕು. ‘ಇಂಡಿಗ್ನೆಂಟ್’ ಎಂದರೆ ನ್ಯಾಯ ತನ್ನ ಕಡೆಗಿದೆ ಎಂದು ಬಲ್ಲವನ ಸಿಟ್ಟು. ಸರತಿಯಲ್ಲಿ ನಿಂತಾಗ ಮುಂದೆ ಯಾರೋ ನುಗ್ಗಿದರೆ ಬರುವುದು. ಕಾಲರ್ ಸರಿಮಾಡಿಕೊಂಡು ಬರುತ್ತದೆ. ಅದೂ ಹಳದಿ.

‘ಫ್ಯೂರಿಯಸ್’ ನಮ್ಮ ಕೆಂಡಾಮಂಡಲ. ‘ರೇಜ್’ ಮತ್ತು ಹುಚ್ಚುನಾಯಿ ರೋಗದ ಇಂಗ್ಲಿಷ್ ಹೆಸರು ಒಂದೇ ಬೇರಿನವು. ಅಂಥವರ ಪೆನ್ನು ಕಾಗದವನ್ನು ಹರಿದಿರುತ್ತದೆ, ಬೆಳಕಿಗೆ ಹಿಡಿದು ನೋಡು. ‘ಲಿವಿಡ್’ ಎಂಬುದು ಮೂಲದಲ್ಲಿ ಏಟು ಬಿದ್ದ ಚರ್ಮದ ಸೀಸದಂಥ ಬಣ್ಣ. ಕೆಂಪಾದವನಿಗೆ ಹೆದರಬೇಡ, ಬಣ್ಣಗೆಟ್ಟವನಿಗೆ ಹೆದರು. ‘ರಾತ್’ ಎಂಬ ಮಹಾಕೋಪ ದೇವರುಗಳಿಗೆ ಮತ್ತು ಮಹಾರಾಜರಿಗೆ ಸೇರಿದ್ದು. ಟೇಬಲ್ ಫ್ಯಾನಿನ ವಿಷಯಕ್ಕೆ ಅದನ್ನು ಬಳಸಿದವನು ಕವಿ, ಅವನಿಗೆ ಬಿಳಿ ಟ್ರೇ ಸಾಕು. ತುತ್ತತುದಿಯಲ್ಲಿ ‘ಅಪೊಪ್ಲೆಕ್ಟಿಕ್’: ರಕ್ತ ತಲೆಗೇರಿ ನೆಲಕ್ಕುರುಳುವ ಮುಂಚಿನ ಕ್ಷಣ. ಒಂದು ಗುಟ್ಟು ಹೇಳುತ್ತೇನೆ, ಈ ಪದದ ಸ್ಪೆಲಿಂಗು ಸರಿಯಾಗಿದ್ದರೆ ಬರೆದವನಿಗೆ ಅಷ್ಟೇನೂ ಸಿಟ್ಟಿಲ್ಲ ಎಂದು ತಿಳಿ.

‘ರಿಸೆಂಟ್‌ಮೆಂಟ್’ ಅಂತ ಇನ್ನೊಂದಿದೆ. ಸಿಟ್ಟಿನ ಮೆಲುಕು. ನುಂಗಿದ್ದನ್ನೇ ಮತ್ತೆ ಮತ್ತೆ ಬಾಯಿಗೆ ತಂದು ಅಗಿಯುವುದು. ಅದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ, ಆದ್ದರಿಂದ ನಿನಗೆ ಬೇಡ.

ಇವಕ್ಕೆಲ್ಲ ಮನೆಯಿಂದಲೇ ಉದಾಹರಣೆ ಕೊಡೋಣವೆಂದರೆ ನನಗೆ ಆ ಅನುಕೂಲವಿಲ್ಲ. ನಿನ್ನ ಅತ್ತೆ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಸಿಟ್ಟಾದವಳಲ್ಲ. ಏನು ಹೇಳಿದರೂ “ಆಗಲಿ ಬಿಡಿ” ಎನ್ನುತ್ತಾಳೆ. ಸ್ವಭಾವವೇ ತಂಪು. ನಮ್ಮ ಹಾಲ್‌ನಲ್ಲಿರುವ ಟೇಬಲ್ ಫ್ಯಾನು ನಿಮ್ಮ ಕಂಪನಿಯದೇ, ಹನ್ನೊಂದು ವರ್ಷದ್ದು. ಊಟ ಮುಗಿಸಿ ನಾನು ಆರಾಮ ಕುರ್ಚಿಯಲ್ಲಿ ಕೂತರೆ ಅತ್ತಿತ್ತ ನೋಡದೆ ಗಾಳಿಯನ್ನು ನೇರ ನನ್ನ ಮುಖಕ್ಕೇ ಕೊಡುತ್ತದೆ. ಇಂಥ ಏಕನಿಷ್ಠೆ ಮನುಷ್ಯರಲ್ಲೂ ಕಾಣೆ. ನಿನ್ನ ಅತ್ತೆ ದಿವಾನದ ಆಚೆ ತುದಿಯಲ್ಲಿ ನನ್ನ ಹಳೇ ಹಾಜರಿ ಪುಸ್ತಕದ ರಟ್ಟಿನಿಂದ ಬೀಸಿಕೊಳ್ಳುತ್ತ ಕೂತಿರುತ್ತಾಳೆ. ಕೆಲವರು ಕೂತಲ್ಲಿ ಉಲ್ಲನ್ ಹೆಣೆಯುತ್ತಾರಲ್ಲ, ಹಾಗೆ ಅವಳಿಗೆ ಅದೊಂದು ಅಭ್ಯಾಸ.

ಧೈರ್ಯವಾಗಿರು. ಅಳತೆಗೋಲು ನಿನ್ನ ಕೈಯಲ್ಲಿದೆ.

ಮಾವ


ಮಾರ್ಚ್ 17

ಮಾವ,

ನಿಮ್ಮ ಪತ್ರವನ್ನು ಡ್ರಾಯರಿನ ಒಳಗೆ ಅಂಟಿಸಿಕೊಂಡಿದ್ದೇನೆ. ಸೊಳ್ಳೆಗಳನ್ನೆಲ್ಲ ಸಲೀಸಾಗಿ ಹಿಡಿಯುತ್ತಿದ್ದೇನೆ. ಮೊನ್ನೆ ಒಂದು ಪತ್ರವನ್ನು ಬೆಳಕಿಗೆ ಹಿಡಿದರೆ ಆರು ತೂತು. ನೇರ ಕೆಂಪಿಗೆ ಹಾಕಿದೆ. ಸಾಹೇಬರು ಹೋಗಿ ಬಂದು, “ಸರಿಯಾಗಿ ಹಾಕಿದೀಯಮ್ಮ. ಬಾಗಿಲು ತೆಗೆದವರ ಕೈಯಲ್ಲಿ ಫ್ಯಾನಿನ ರೆಕ್ಕೆ ಇತ್ತು” ಅಂದರು.

ಅಷ್ಟಕ್ಕೇ ಮೈಮರೆತೆ ನೋಡಿ. ಮಾರನೇ ದಿನವೇ ಬಂತು ಒಂದು ಮಹಾಪತ್ರ, ನಾಲ್ಕು ಪುಟ. ಫ್ಯೂರಿಯಸ್, ಲಿವಿಡ್, ಎನ್‌ರೇಜ್ಡ್, ನಡುವೆ ಎರಡು ಸಲ ರಾತ್, ಕೊನೆಗೆ ಅಪೊಪ್ಲೆಕ್ಟಿಕ್. ಸ್ಪೆಲಿಂಗು ಸರಿಯಾಗಿತ್ತು. ನಿಮ್ಮ ಗುಟ್ಟು ನೆನಪಾಯಿತು, ಆದರೂ ಕೈ ತಾನಾಗಿ ಕೆಂಪು ಟ್ರೇಗೆ ಹೋಯಿತು. ಸಾಹೇಬರು ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಹೊಸ ಫ್ಯಾನು ಹೊತ್ತು ಹೋದರು. ಬಾಗಿಲು ತೆರೆದದ್ದು ಒಬ್ಬ ನಗುಮುಖದ ಅಜ್ಜ. ಬನ್ನಿ ಬನ್ನಿ ಅಂತ ಕೂರಿಸಿ, ಕಾಫಿ ಕೊಟ್ಟು, ಎರಡು ಗಂಟೆ ಅಂಚೆಚೀಟಿ ಸಂಗ್ರಹ ತೋರಿಸಿದರಂತೆ. ಸಾಹೇಬರು ಫ್ಯಾನಿನ ಮಾತೆತ್ತಿದಾಗ, “ಓ ಅದಾ. ಪ್ಲಗ್ಗು ಸಡಿಲ ಆಗಿತ್ತು, ಮರುದಿನವೇ ಸರಿಹೋಯ್ತು. ಪತ್ರ ಹೇಗಿತ್ತು ಹೇಳಿ” ಅಂದರಂತೆ.

ಸಾಹೇಬರು ವಾಪಸ್ ಬಂದು ನನ್ನ ಮೇಜಿನ ಮುಂದೆ ನಿಂತರು. ಕೆಂಪಾಗಿರಲಿಲ್ಲ ಮಾವ. ಬಣ್ಣಗೆಟ್ಟಿದ್ದರು.

“ಎರಡು,” ಅಂದರು. ಅಷ್ಟೆ.

ಡೆಸ್ಪ್ಯಾಚಿನಲ್ಲಿ ಕೂರುವ ಅಕ್ಕ ಬಂದ ಪತ್ರಕ್ಕೆಲ್ಲ ನಂಬರು ಹಾಕಿ ನನಗೆ ಕೊಡುವವಳು. ಅವಳು ಸಮಾಧಾನ ಹೇಳಿದಳು: “ಅಯ್ಯೋ ಬಿಡೇ, ನಿನಗಿಂತ ಮುಂಚೆ ಇದ್ದವಳು ಒಂದೇ ವಾರಕ್ಕೆ ಮೂರು ಮುಗಿಸಿದ್ಲು.” ಇದು ಸಮಾಧಾನವೋ ಏನೋ ಗೊತ್ತಾಗಲಿಲ್ಲ.

ಪದದ ಅರ್ಥ ಗೊತ್ತಿದ್ದರೆ ಸಾಲದು ಅನ್ನಿಸುತ್ತಿದೆ. ಪದದ ಹಿಂದೆ ಯಾರು ಕೂತಿದ್ದಾರೆ ಅಂತ ಕಾಣಬೇಕು. ಅದಕ್ಕೆ ಅಭ್ಯಾಸ ಬೇಕು, ನನಗಿರುವುದು ಇನ್ನು ಒಂದು ತಪ್ಪು ಮಾತ್ರ. ಅಮ್ಮ ನಿನ್ನೆ ಫೋನಿನಲ್ಲಿ, ಸ್ಟೂಲಿಗೆ ಹೊಸ ಮೆತ್ತೆ ಹಾಕಿಸಿದೆ ಅಂದಳು.

ಪಿಟೀಲು


ಮಾರ್ಚ್ 22

ಚಿ. ಪಿಟೀಲಿಗೆ,

ಅಭ್ಯಾಸ ತಾನೆ? ಏರ್ಪಾಡು ಮಾಡಿದ್ದೇನೆ. ಏನು, ಎತ್ತ ಎಂದು ಕೇಳಬೇಡ. ಪ್ರಶ್ನೆಪತ್ರಿಕೆಯನ್ನು ಮೊದಲೇ ಬಿಟ್ಟುಕೊಟ್ಟ ಕಳಂಕ ನನ್ನ ಸರ್ವಿಸಿನಲ್ಲಿಲ್ಲ.

ಮೂರು ದಿನದಿಂದ ಸ್ಕೂಲು ಬಿಟ್ಟ ಮೇಲೆ ಇದೇ ಕೆಲಸ. ನಿನ್ನ ಅತ್ತೆ ಬಂದು, “ಏನಷ್ಟು ಬರೀತಿದೀರಿ?” ಎಂದಳು.

“ಫ್ಯಾನ್ ಕಂಪನಿಗೆ ಪತ್ರ,” ಎಂದೆ.

ಅವಳು ಕೈಯಲ್ಲಿದ್ದ ರಟ್ಟು ಬೀಸುವುದನ್ನು ನಿಲ್ಲಿಸಿದಳು. “ನಮ್ಮ ಫ್ಯಾನಿನ ಕಂಪನಿಗಾ?”

“ಹೌದು.”

“ಬರೀರಿ, ಬರೀರಿ,” ಎಂದು ಒಳಗೆ ಹೋಗಿ ಕೇಳದೇ ಇದ್ದರೂ ಇನ್ನೊಂದು ಲೋಟ ಕಾಫಿ ತಂದಿಟ್ಟಳು. ಅವಳ ಮುಖದಲ್ಲಿ ಎಂಥ ಬೆಳಕು ಎನ್ನುತ್ತೀ. ಇಂಗ್ಲಿಷ್ ಭಾಷೆಯ ಮೇಲೆ ಅವಳಿಗೆ ಇಷ್ಟು ಅಭಿಮಾನವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮಾವ


ಮಾರ್ಚ್ 30

ಮಾವ,

ಈ ಪತ್ರವನ್ನು ಶುರು ಮಾಡುವಾಗ ನಾನು ಫ್ಯೂರಿಯಸ್ ಆಗಿದ್ದೇನೆ. ಸ್ಪೆಲಿಂಗು ತಪ್ಪಿದ್ದರೆ ಅದಕ್ಕೆ ಕಾರಣ ನಿಮಗೇ ಗೊತ್ತು.

ಐದು ಪತ್ರ ಬಂದಿವೆ. ದಿನಕ್ಕೊಂದರಂತೆ, ಕ್ರಮವಾಗಿ. ಮೊದಲನೆಯದು ಒಬ್ಬ ದಂತವೈದ್ಯನದು, ಅವನು ಅನಾಯ್ಡ್. ಎರಡನೆಯದು ಸಂಗೀತ ಪಾಠ ಹೇಳುವವಳು, ಎಕ್ಸಾಸ್ಪರೇಟೆಡ್. ಮೂರನೆಯದು ನಿವೃತ್ತ ನ್ಯಾಯಾಧೀಶ, ಇಂಡಿಗ್ನೆಂಟ್. ನಾಲ್ಕನೆಯದು ಕುಸ್ತಿ ಪೈಲ್ವಾನ್, ಫ್ಯೂರಿಯಸ್. ಐದನೆಯದು ಹಡಗಿನ ಕ್ಯಾಪ್ಟನ್, ಅಪೊಪ್ಲೆಕ್ಟಿಕ್. ಐವರದೂ ಒಂದೇ ಕೈಬರಹ. ಐವರೂ ಮುಖ್ಯ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ಪೈಲ್ವಾನ್ ಅಂತೂ ತಾನು ಬರೆದ ವಾಕ್ಯವನ್ನು ತಾನೇ ತಿದ್ದಿ ಪಕ್ಕದಲ್ಲಿ ‘ಗುಡ್’ ಅಂತ ಹಾಕಿಕೊಂಡಿದ್ದಾನೆ.

ಅದೆಲ್ಲ ಹೋಗಲಿ. ಐವರದೂ ಒಂದೇ ವಿಳಾಸ. ನಿಮ್ಮ ಮನೆಯದು. ಹೆಸರು ಮುಚ್ಚಿಟ್ಟು ಉದ್ಯೋಗ ಸುಳ್ಳು ಬರೆಯಲು ಬಂದವರಿಗೆ ಬಾಗಿಲ ನಂಬರನ್ನಾದರೂ ಬದಲಿಸಲು ಆಗಲಿಲ್ಲವೇ?

ಇವನ್ನು ನನ್ನ ಕೋಣೆಗೆ ಕಳಿಸಬಾರದಿತ್ತೆ? ಆಫೀಸಿಗೆ ಬಂದದ್ದಕ್ಕೆಲ್ಲ ಡೆಸ್ಪ್ಯಾಚ್ ಅಕ್ಕ ನಂಬರು ಹಾಕಿಬಿಡುತ್ತಾಳೆ. ನಂಬರು ಬಿದ್ದ ಮೇಲೆ ಹರಿಯುವ ಹಾಗಿಲ್ಲ, ಬಚ್ಚಿಡುವ ಹಾಗಿಲ್ಲ. ಸಾಹೇಬರು ಐದನ್ನೂ ಜೋಡಿಸಿ ಓದಿ ತಲೆ ಮೇಲೆ ಕೈ ಹೊತ್ತರು. “ಒಂದೇ ಮನೆಯಲ್ಲಿ ಐದು ಜನ. ದಿನದಿಂದ ದಿನಕ್ಕೆ ಏರ್ತಾ ಇದೆ. ಇನ್ನೊಂದು ತಿಂಗಳು ಬಿಟ್ಟರೆ ಏನಾಗುತ್ತೋ. ಎಂಟನೇ ತಾರೀಖು ನಾನೇ ಹೋಗ್ತೀನಿ, ಮೆಕ್ಯಾನಿಕ್ಕನ್ನೂ ಕರ್ಕೊಂಡು. ಪತ್ರಕ್ಕೆಲ್ಲ ಗ್ರೇಡು ಹಾಕಿ ಫೈಲ್ ಮಾಡಿ ಕೊಡು,” ಅಂದರು.

ಅಲ್ಲಿ ಫ್ಯಾನು ಚೆನ್ನಾಗಿ ಓಡುತ್ತಿದ್ದರೆ ಅದು ನನ್ನ ಮೂರನೇ ತಪ್ಪು. ನಿಮ್ಮ ಫ್ಯಾನು ಚೆನ್ನಾಗಿದೆ, ಏಕನಿಷ್ಠೆಯಿಂದ ಇದೆ ಅಂತ ನೀವೇ ಬರೆದಿದ್ದೀರಿ.

ಪತ್ರದ ಕೊನೆಗೆ ಬರುವ ಹೊತ್ತಿಗೆ ನಾನು ಎಕ್ಸಾಸ್ಪರೇಟೆಡ್ ಆಗಿದ್ದೇನೆ. ನಿಟ್ಟುಸಿರು ಬಿಟ್ಟು ಕೇಳುತ್ತೇನೆ: ದಯವಿಟ್ಟು ಎಂಟನೇ ತಾರೀಖಿನೊಳಗೆ ನಿಮ್ಮ ಫ್ಯಾನು ಕೆಡಿಸಿ.

ಪಿಟೀಲು


ಏಪ್ರಿಲ್ 3

ಚಿ. ಪಿಟೀಲಿಗೆ,

ಮಾವ ಮೂರ್ಖ. ಆದರೆ ಒಂದು ಸಮಜಾಯಿಷಿ ಕೇಳು. ವಿಳಾಸ ಸುಳ್ಳು ಬರೆದರೆ ಪೋಸ್ಟ್‌ಮ್ಯಾನ್ ಪಾಪ ಊರೆಲ್ಲ ಸುತ್ತಬೇಕಾಗುತ್ತದೆ. ಅವನು ನನ್ನ ಹಳೇ ವಿದ್ಯಾರ್ಥಿ, ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಫ್ಯಾನು ಕೆಡಿಸಲು ಭಾನುವಾರವಿಡೀ ಪ್ರಯತ್ನಿಸಿದೆ. ಹಿಂಬದಿಯ ಗುಂಡಿಯನ್ನು ಒತ್ತಿದೆ, ಎಳೆದೆ. ಏನೂ ಆಗಲಿಲ್ಲ, ಗಾಳಿ ನನ್ನ ಮುಖಕ್ಕೇ. ಕತ್ತು ಹಿಡಿದು ದಿವಾನದ ಕಡೆ ತಿರುಗಿಸಲು ನೋಡಿದೆ. ಜಗ್ಗಲಿಲ್ಲ, ಕಟ್ ಎಂದು ಗದರಿತು. ಪೂರಾ ಬಲ ಹಾಕಿದರೂ ಒಂದಂಗುಲ ಆಚೆ ಹೋಗದು. ಎಂಥ ದೃಢತೆ. ಹನ್ನೊಂದು ವರ್ಷವಾದರೂ ತನ್ನ ನಿಲುವು ಬಿಡದ ಈ ಫ್ಯಾನಿನಲ್ಲಿ ದೋಷ ಹುಡುಕುವುದು ನನ್ನಿಂದಾಗದ ಮಾತು.

ನಿನ್ನ ಅತ್ತೆ ರಟ್ಟು ಬೀಸಿಕೊಳ್ಳುತ್ತ ನೋಡುತ್ತಿದ್ದಳು.

“ಏನ್ ಮಾಡ್ತಿದೀರಿ?”

“ಫ್ಯಾನು ಕೆಡಿಸ್ತಿದೀನಿ.”

“ಇನ್ನೂ ಕೆಡಿಸ್ಬೇಕಾ?” ಎಂದು ಎದ್ದು ಒಳಗೆ ಹೋದಳು. ಅವತ್ತು ಎರಡನೇ ಲೋಟ ಕಾಫಿ ಬರಲಿಲ್ಲ. ಈ ನಡುವೆ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಅವಳೇ ಓಡಿ ಹೋಗಿ, “ಫ್ಯಾನ್ ಕಂಪನಿಯಿಂದ ಏನಾದ್ರೂ ಬಂತಾ?” ಎಂದು ಕೇಳುತ್ತಾಳೆ. ನಿನ್ನ ಕೆಲಸದ ಬಗ್ಗೆ ಅವಳಿಗೆ ಅಷ್ಟು ಚಿಂತೆ.

ನಾನು ತೀರ್ಮಾನಿಸಿದ್ದೇನೆ. ನಿಮ್ಮ ಸಾಹೇಬರು ಬಂದಾಗ ಐದೂ ಪತ್ರ ನನ್ನದೇ, ಫ್ಯಾನಿನಲ್ಲಿ ಯಾವ ದೋಷವೂ ಇಲ್ಲ, ಹುಡುಗಿಯ ತಪ್ಪಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿಕೊಂಡಿದ್ದೇನೆ.

ಮಾವ


ಏಪ್ರಿಲ್ 5

ಮಾವ,

ಫ್ಯಾನು ಮುಟ್ಟಬೇಡಿ. ಎಲ್ಲಿದೆಯೋ ಹಾಗೇ ಇರಲಿ. ಅತ್ತೆಯ ರಟ್ಟೂ ಎಲ್ಲಿದೆಯೋ ಅಲ್ಲೇ ಇರಲಿ. ನಿಮ್ಮ ಮೂರೂ ಪತ್ರಗಳನ್ನು ಈಗ ಒಟ್ಟಿಗೆ ಓದಿದೆ. ಎಂಟನೇ ತಾರೀಖು ಬಾಗಿಲನ್ನು ಅತ್ತೆಯೇ ತೆಗೆಯಲಿ.

ಪಿ.


ಏಪ್ರಿಲ್ 9

ಚಿ. ಪಿಟೀಲಿಗೆ,

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಮೂರಕ್ಕೆ ಬಂದರು. ನಿಮ್ಮ ಸಾಹೇಬರ ಬಗಲಲ್ಲಿ ಡಬ್ಬಿ, ಹಿಂದೆ ಮೆಕ್ಯಾನಿಕ್ಕು. ನೀನು ಹೇಳಿದಂತೆ ನಿನ್ನ ಅತ್ತೆಯೇ ಬಾಗಿಲು ತೆಗೆದಳು.

“ಡಾಕ್ಟ್ರು ಇದಾರಾ ಅಮ್ಮ, ಹಲ್ಲಿನ ಡಾಕ್ಟ್ರು?”

“ಇಲ್ಲಿ ಯಾರೂ ಇಲ್ವಲ್ಲ.”

“ಹಡಗಿನ ಕ್ಯಾಪ್ಟನ್ನು?”

“ಹಡಗಾ? ನಮ್ಮ ಬೀದಿಗೆ ಕಾರೇ ಸರಿಯಾಗಿ ಬರಲ್ಲ.”

“ಮತ್ತೆ, ಪೈಲ್ವಾನರು?”

ಅವಳು ತಿರುಗಿ ನನ್ನ ತೋಳುಗಳನ್ನು ನೋಡಿದಳು. “ಇಲ್ಲ ಅಂತ್ಲೇ ಕಾಣುತ್ತೆ,” ಎಂದಳು.

ನಾನು ಎದ್ದು ನಿಂತೆ. ಬಾಯಿಪಾಠವೆಲ್ಲ ಮರೆತು ಕನ್ನಡದಲ್ಲೇ ಶುರುವಾಯಿತು: “ಸಾರ್, ತಪ್ಪು ನನ್ನದು. ಈ ಫ್ಯಾನಿನಲ್ಲಿ ಯಾವ ದೋಷವೂ ಇಲ್ಲ.”

“ಯಾಕಿಲ್ಲ?” ಎಂದಳು ನಿನ್ನ ಅತ್ತೆ.

ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. ಸಾಹೇಬರು ಫೈಲು ತೆರೆದು, ಪತ್ರಗಳ ಅಡಿಯಲ್ಲಿ ಆಗಷ್ಟೇ ಕಂಡ ಒಂದು ಚೀಟಿ ತೆಗೆದು ಗಟ್ಟಿಯಾಗಿ ಓದಿದರು. ನಿನ್ನ ಅಕ್ಷರ ದೂರದಿಂದಲೇ ಗೊತ್ತಾಯಿತು. ‘ಐದೂ ಪತ್ರ ಬರೆದವರು ನನ್ನ ಸೋದರಮಾವ. ಅವರಿಗೆ ಸಿಟ್ಟಿಲ್ಲ. ಈ ಮನೆಯಲ್ಲಿ ನಿಜವಾಗಿ ಸಿಟ್ಟಾಗಬೇಕಾದವರು ಇನ್ನೂ ಪತ್ರ ಬರೆದಿಲ್ಲ. ಗ್ರೇಡ್: ನನಗೆ ತಿಳಿಯದು. ದಯವಿಟ್ಟು ಫ್ಯಾನಿನ ಕತ್ತು ನೋಡಿ. ಅತ್ತೆಯನ್ನು ಕೇಳಿ.’

“ಕತ್ತು ತಿರುಗುತ್ತಾ ಅಮ್ಮ?” ಎಂದು ಕೇಳಿದರು.

“ತಿರುಗಿ ನಾಲ್ಕು ವರ್ಷ ಆಯ್ತು.”

“ಮತ್ತೆ ಒಂದು ದೂರು ಕೊಡೋದಲ್ವಾ?”

“ಕೊಟ್ಟಿದ್ದೆನಲ್ಲ, ಇವರ ಹತ್ರ. ಕಂಪನಿಗೊಂದು ಕಾರ್ಡ್ ಹಾಕ್ರಿ ಅಂದೆ. ನಾಳೆ ಬರೀತೀನಿ ಅಂದ್ರು. ಬೀದಿಯವರ ಅರ್ಜಿನೆಲ್ಲ ಇವರೇ ಬರ್ಕೊಡೋದು. ನಂದು ಸರತೀಲಿತ್ತು.”

ಸಾಹೇಬರು ಐದೂ ಪತ್ರಗಳನ್ನು ಮೇಜಿನ ಮೇಲೆ ಹರಡಿದರು. ಮೆಕ್ಯಾನಿಕ್ಕು ಫ್ಯಾನು ಬಿಚ್ಚುತ್ತಿದ್ದರೆ ಇವರು ಒಂದೊಂದನ್ನೇ ಕನ್ನಡಕ್ಕೆ ಮಾಡಿ ಅವಳಿಗೆ ಓದಿ ಹೇಳಿದರು. ದಂತವೈದ್ಯನದನ್ನು ಕೇಳಿ, “ಇದು ಮೊದಲನೇ ತಿಂಗಳು,” ಎಂದಳು. ಸಂಗೀತದವಳದಕ್ಕೆ, “ಇದು ಮೊದಲನೇ ಬೇಸಿಗೆ. ದಿನಾ ಹೇಳ್ತಿದ್ದೆ. ಆಮೇಲೆ ಬಿಟ್ಟೆ.” ನ್ಯಾಯಾಧೀಶನದನ್ನು ಎರಡು ಸಲ ಓದಿಸಿದಳು. “ಇದು ಚೆನ್ನಾಗಿದೆ. ಇವರ ಅಕ್ಕ ಬಂದಾಗ ಕುರ್ಚಿ ಬಿಟ್ಟುಕೊಟ್ಟು ಗಾಳಿಗೆ ಕೂರಿಸಿದ್ರಲ್ಲ, ಆ ಸಲ ಹೀಗೇ ಆಗಿತ್ತು.” ಪೈಲ್ವಾನನದು ಹೋದ ವರ್ಷದ್ದಂತೆ, ನಾನು ಫ್ಯಾನಿನ ಮುಂದೆ ಕೂತು ‘ಈ ಸಲ ಅಷ್ಟೇನೂ ಸೆಖೆ ಇಲ್ಲ’ ಎಂದಿದ್ದೆನಂತೆ. ಹಡಗಿನವನದನ್ನು ಕೇಳಿ ಸ್ವಲ್ಪ ಯೋಚಿಸಿದಳು. “ಇಷ್ಟು ಇನ್ನೂ ಆಗಿಲ್ಲ. ಆಗ್ತಿತ್ತು, ಈ ಮೇ ತಿಂಗಳಿಗೆ.”

“ಹಾಗಾದ್ರೆ ಈ ದೂರೆಲ್ಲ ಸರಿ ಇದೆಯಾ ಅಮ್ಮ?”

“ಬರೆದಿರೋದೆಲ್ಲ ಸರಿ ಇದೆ. ಸಹಿ ತಪ್ಪು. ಐದು ಜನವೂ ಇವರೇ, ಐದು ಜನಕ್ಕೂ ಗಾಳಿ ಬರ್ತಿತ್ತು. ಬರದೇ ಇದ್ದದ್ದು ನನಗೆ.”

ಮೆಕ್ಯಾನಿಕ್ಕು ಒಳಗಿಂದ ಸವೆದ ಒಂದು ಪುಟ್ಟ ಗೇರು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಹಲ್ಲೇ ಇರಲಿಲ್ಲ ಅದಕ್ಕೆ. ದಂತವೈದ್ಯ ಬರೆದದ್ದು ಸಾರ್ಥಕ ಎನ್ನೋಣವೆಂದು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿಕೊಂಡೆ. ಹೊಸ ಗೇರು ಕೂರಿಸಿ ಸ್ವಿಚ್ಚು ಹಾಕಿದ. ಫ್ಯಾನು ನನ್ನನ್ನು ಒಮ್ಮೆ ನೋಡಿ, ನಿಧಾನವಾಗಿ ಕತ್ತು ತಿರುಗಿಸಿ ದಿವಾನದ ಕಡೆ ಹೋಯಿತು. ಅವಳ ಕಿವಿಯ ಪಕ್ಕದ ಕೂದಲು ಹಾರಿತು. ಅವಳು ಕಣ್ಣು ಮುಚ್ಚಿ ಕೂತಳು. ರಟ್ಟು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಕೆಂಪು ಟ್ರೇ ಅಂದಮೇಲೆ ಹೊಸ ಫ್ಯಾನು ಕೊಡುವುದು ನಿಯಮ ಎಂದು ಸಾಹೇಬರು ಡಬ್ಬಿ ಮುಂದಿಟ್ಟರು. ಅವಳು ಕಣ್ಣು ತೆರೆಯದೆಯೇ, “ಬೇಡಿ. ಇಬ್ಬರಿಗೂ ಒಂದೊಂದು ಆದ್ರೆ ಇವರಿಗೆ ಏನೂ ತಿಳಿಯೋದೇ ಇಲ್ಲ,” ಎಂದಳು.

ನಿನ್ನ ವಿಷಯ ಕೇಳಿದೆ. “ಆಫೀಸಲ್ಲಿ ಮಾತಾಡ್ತೀನಿ,” ಎಂದಷ್ಟೇ ಹೇಳಿ ಹೋದರು. ನಗುತ್ತಿದ್ದರೋ ಹಲ್ಲು ಕಚ್ಚಿದ್ದರೋ ನನಗೆ ತಿಳಿಯಲಿಲ್ಲ. ಮುಖ ಓದುವುದರಲ್ಲಿ ನನ್ನ ಯೋಗ್ಯತೆ ಎಷ್ಟೆಂದು ಈಗ ಎಲ್ಲರಿಗೂ ಗೊತ್ತಾಗಿದೆ.

ನನ್ನ ಮೊದಲ ಪತ್ರಕ್ಕೆ ಒಂದು ತಿದ್ದುಪಡಿ. ‘ರಿಸೆಂಟ್‌ಮೆಂಟ್’ ನಿನಗೆ ಬೇಡ ಎಂದಿದ್ದೆ. ಬೇಕು.

ಮಾವ


ಏಪ್ರಿಲ್ 18

ಅತ್ತೆಗೆ ಪಿಟೀಲಿನ ನಮಸ್ಕಾರ. ಮಾವನೂ ಓದಬಹುದು, ಆದರೆ ನೀವು ಓದಿ ಮುಗಿಸಿದ ಮೇಲೆ.

ಸಾಹೇಬರು ವಾಪಸ್ ಬಂದ ದಿನ ನನ್ನನ್ನು ಕರೆಯಲಿಲ್ಲ. ಮಾರನೇ ದಿನವೂ ಇಲ್ಲ. ನಾನು ಡ್ರಾಯರು ಖಾಲಿ ಮಾಡಿ ನನ್ನ ಲೋಟ, ಬಾಚಣಿಗೆ, ಮಾವನ ಅಳತೆಗೋಲು ಎಲ್ಲ ಚೀಲಕ್ಕೆ ಹಾಕಿಕೊಂಡಿದ್ದೆ. ಮೂರನೇ ದಿನ ಕರೆದರು. ಮೇಜಿನ ಗಾಜಿನ ಕೆಳಗೆ ನನ್ನ ಚೀಟಿ ಇತ್ತು.

“ಈ ವಿಭಾಗದಲ್ಲಿ ‘ತಿಳಿಯದು’ ಅಂತ ಬರೆದವಳು ನೀನೇ ಮೊದಲು,” ಅಂದರು. “ನನಗೆ ತರಬೇತೀಲಿ ಹೇಳಿಕೊಟ್ಟಿದ್ದು ಬರೋ ಪತ್ರದ ವಿಷಯ. ಬರದೇ ಇರೋ ಪತ್ರದ ವಿಷಯ ಯಾರೂ ಹೇಳಲಿಲ್ಲ.”

“ಹಾಗಾದ್ರೆ ಇದು ಮೂರನೇ ತಪ್ಪಾ ಸಾರ್?”

“ಮೂರನೇದು ನಿಮ್ಮ ಮಾವಂದು. ನೀನು ಕೂತ್ಕೊ.”

ಅತ್ತೆ, ನನ್ನ ಕೆಲಸ ಕಾಯಂ ಆಯಿತು. ಮೇಜಿನ ಮೇಲೆ ನಾಲ್ಕನೇ ಟ್ರೇ ಬಂದಿದೆ, ಅದಕ್ಕೆ ಬಣ್ಣವಿಲ್ಲ. ಡೆಸ್ಪ್ಯಾಚ್ ಅಕ್ಕ ಕಾಫಿ ಲೋಟ ತರುತ್ತಿದ್ದ ಟ್ರೇ ಅದು, ಈಗ ಲೋಟಗಳನ್ನು ಕೈಯಲ್ಲೇ ತಂದುಕೊಡುತ್ತಾಳೆ. ಐದು ವರ್ಷದಿಂದ ಒಂದು ದೂರೂ ಬರೆಯದ ಮನೆ, ಅಂಗಡಿಗಳಿಗೆ ನಾನು ದಿನಕ್ಕೆ ಇಪ್ಪತ್ತು ಕಾರ್ಡು ಬರೆಯಬೇಕು, ಕನ್ನಡದಲ್ಲಿ, ಒಂದೇ ಪ್ರಶ್ನೆ: ‘ನಮ್ಮ ಫ್ಯಾನಿನ ಗಾಳಿ ನಿಮ್ಮಲ್ಲಿ ಯಾರಿಗೆ ಬರುತ್ತಿಲ್ಲ?’

ಉತ್ತರಗಳು ಬರತೊಡಗಿವೆ. ‘ಅಂಗಡಿ ಯಜಮಾನರಿಗೆ ಬರುತ್ತೆ, ಇಡೀ ದಿನ ಬಟ್ಟೆ ಕತ್ತರಿಸಿಕೊಡುವ ನನಗೆ ಬರಲ್ಲ.’ ‘ನನ್ನ ತಮ್ಮನಿಗೆ ಬರುತ್ತೆ, ಅವನು ಚಿಕ್ಕವನಂತೆ, ಅವನಿಗೆ ಮೂವತ್ತಾರು.’ ‘ಬೆಕ್ಕಿಗೆ ಮಾತ್ರ ಬರುತ್ತೆ.’ ಯಾವುದರಲ್ಲೂ ಒಂದೇ ಒಂದು ಇಂಗ್ಲಿಷ್ ಸಿಟ್ಟಿಲ್ಲ. ಇವಕ್ಕೆಲ್ಲ ಮೆಕ್ಯಾನಿಕ್ಕು ಮರುದಿನವೇ ಹೋಗುತ್ತಾನೆ. ಮೊನ್ನೆ ಸಾಹೇಬರು ಒಂದು ಕಾರ್ಡನ್ನು ಸುಮ್ಮನೆ ಜೇಬಿಗಿಟ್ಟುಕೊಂಡು ಮನೆಗೆ ಹೋದರು. ಮರುದಿನ ತಡವಾಗಿ ಬಂದರು, ಯಾಕೆ ಅಂತ ಹೇಳಲಿಲ್ಲ. ಮೆಕ್ಯಾನಿಕ್ಕನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಕರೆದು ಏನೋ ಕೇಳುತ್ತಿದ್ದರು.

ಅಮ್ಮ ನನಗಂತ ಒರೆಸಿಟ್ಟಿದ್ದ ಆ ಸ್ಟೂಲಿನ ಮೇಲೆ ಈಗ ಅಂಗಡಿಯ ಫ್ಯಾನು ಇಟ್ಟಿದ್ದಾಳಂತೆ.

ನಮ್ಮ ಆಫೀಸಿನಲ್ಲಿ ಒಂದು ಪಂದ್ಯ ನಡೆಯುತ್ತಿದೆ. ನಾಲ್ಕು ವರ್ಷ ನೀವು ಪಟ್ಟದ್ದು ಯಾವ ಸಿಟ್ಟು? ಸಾಹೇಬರು ಎಕ್ಸಾಸ್ಪರೇಟೆಡ್ ಅನ್ನುತ್ತಾರೆ. ಮಾವ ರಿಸೆಂಟ್‌ಮೆಂಟ್ ಅಂತ ಬರೆದಿದ್ದಾರೆ. ಡೆಸ್ಪ್ಯಾಚ್ ಅಕ್ಕ, ‘ಗಂಡನ ಮೇಲಾದ್ರೆ ಅದು ಮುನಿಸು’ ಅಂತ ಹಟ ಹಿಡಿದಿದ್ದಾಳೆ. ನಾನು ಲಿವಿಡ್ ಅಂದಿದ್ದೇನೆ. ನೀವೇ ತೀರ್ಪು ಕೊಡಿ.

ನಿಮ್ಮ ಪಿಟೀಲು


ಏಪ್ರಿಲ್ 24

ಪಿಟೀಲಿಗೆ ಅತ್ತೆಯ ಆಶೀರ್ವಾದ.

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಮನೆಯಲ್ಲಿ ಒಬ್ಬರು ಬರೆಯುವವರಿದ್ದರೆ ಸಾಕು ಅಂತ ಇದ್ದೆ. ಈಗ ನಾನೇ ಬರೆಯುತ್ತಿದ್ದೇನೆ. ಇವರು ಪಕ್ಕದಲ್ಲಿ ಕೂತು ಕಾಗುಣಿತ ನೋಡಲು ಬಂದರು, ಆಚೆ ಕಳಿಸಿದೆ.

ನಿನ್ನ ಕೆಲಸ ಗಟ್ಟಿಯಾದದ್ದು ಕೇಳಿ ಹೊಟ್ಟೆ ತುಂಬಿತು. ಆ ಕೋಣೆಯ ಬೀಗದ ಕೈ ಯಾರಿಗೂ ಕೊಡಬೇಡ.

ಫ್ಯಾನು ಚೆನ್ನಾಗಿ ತಿರುಗುತ್ತಿದೆ. ನನ್ನ ಕಡೆ ಬಂದಾಗ ಇವರು ಅದನ್ನೇ ನೋಡುತ್ತಾರೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. ಮತ್ತೆ ತಿರುಗಿ ಬರುವವರೆಗೆ ಪೇಪರ್ ಓದುವುದೂ ಇಲ್ಲ. ಮೊನ್ನೆ ಮೊದಲು ಅನಾಯ್ಡ್ ಆದರಂತೆ, ನಿನ್ನೆ ಇರಿಟೇಟೆಡ್ ಆದರಂತೆ. ಅವರೇ ಹೇಳಿಕೊಂಡರು. ಸರಿ, ಇನ್ನು ಪದಕ್ಕೊಂದು ಉದಾಹರಣೆ ನಿಮಗೆ ಮನೆಯಲ್ಲೇ ಸಿಕ್ಕಿತಲ್ಲ ಅಂದೆ. ನಕ್ಕರು. ಬಹಳ ದಿನಕ್ಕೆ ಇಬ್ಬರೂ ಒಟ್ಟಿಗೆ ನಕ್ಕಿದ್ದು.

ಫ್ಯಾನಿಗಿಂತ ಹೆಚ್ಚಾಗಿ ಈಗ ಇವರ ಕತ್ತು ತಿರುಗುತ್ತದೆ. ಗಾಳಿ ಬಂತಾ, ಗಾಳಿ ಬಂತಾ ಅಂತ ಗಂಟೆಗೆ ಹತ್ತು ಸಲ ಕೇಳುತ್ತಾರೆ. ಇದಕ್ಕೂ ಇಂಗ್ಲಿಷಿನಲ್ಲಿ ಏನೋ ಒಂದು ಸಿಟ್ಟು ಇರಬೇಕು, ಕೇಳಿಸಿಕೊಳ್ಳುವವರಿಗೆ ಬರುವುದು. ಇರಲಿ, ಇನ್ನು ಸ್ವಲ್ಪ ದಿನ ಕೇಳಲಿ.

ನಿಮ್ಮ ಪಂದ್ಯದ ವಿಷಯ. ಯಾರೂ ಗೆದ್ದಿಲ್ಲ ಅಂತ ಆಫೀಸಿನಲ್ಲಿ ಹೇಳು. ಅಷ್ಟು ದೊಡ್ಡ ದೊಡ್ಡ ಪದಗಳೇನೂ ಬೇಡ ನನಗೆ. ನಾಲ್ಕು ವರ್ಷ ನನಗೆ ಸೆಖೆ ಆಗುತ್ತಿತ್ತು, ಅಷ್ಟೆ.

ಆ ರಟ್ಟನ್ನು ಬಿಸಾಡಿಲ್ಲ. ಇವರಿಗೆ ಕೊಟ್ಟಿದ್ದೇನೆ.

ನಿನ್ನ ಅತ್ತೆ